ಬ್ಯಾರಕ್ ಭಾಗ್ಯ

ಅನ್ನಭಾಗ್ಯ, ಕ್ಷೀರಭಾಗ್ಯಗಳ ಹೆಸರು ಕೇಳದ ಕನ್ನಡಿಗರಿಲ್ಲ. ದಿಲ್ಲಿಯವರ ಕೈಯಲ್ಲೂ ಒಂದು ಭಾಗ್ಯ ಯೋಜನೆ ಇದೆ. ಅದಕ್ಕೆ ಜಾಹೀರಾತಿಲ್ಲ, ಫ್ಲೆಕ್ಸಿಲ್ಲ, ಟೇಪು ಕತ್ತರಿಸಲು ಮಂತ್ರಿಗಳಿಲ್ಲ. ಫಲಾನುಭವಿಗಳ ಸಮಾವೇಶ ನಡೆಸೋಣವೆಂದರೆ ಫಲಾನುಭವಿಗಳೇ ಊರಲ್ಲಿಲ್ಲ. ಎಲ್ಲರೂ ಲಂಡನ್, ಆ್ಯಂಟ್‌ವರ್ಪ್ ಕಡೆ ಇದ್ದಾರೆ.

ಸೌಲಭ್ಯಗಳು ಮಾತ್ರ ಬಾಯಿಮಾತಿನವಲ್ಲ, ಸರಕಾರಿ ಪತ್ರದಲ್ಲಿ ಬರೆದುಕೊಟ್ಟವು. ತಲೆಗೆ ಕನಿಷ್ಠ 3 ಚದರ ಮೀಟರ್ ಜಾಗ, ಅದೂ ಪೀಠೋಪಕರಣ ಹಿಡಿಯುವ ಜಾಗ ಬಿಟ್ಟು. ದಪ್ಪ ಹತ್ತಿಯ ಹಾಸಿಗೆ, ದಿಂಬು, ಬೆಡ್‌ಶೀಟು, ಕಂಬಳಿ. ಗಾಳಿ, ಬೆಳಕು, ಶುದ್ಧ ಕುಡಿಯುವ ನೀರು, ಕೋಣೆಗೆ ಸೇರಿಕೊಂಡ ಶೌಚಾಲಯ. ದಿನಾ ಅಂಗಳದಲ್ಲಿ ಓಡಾಟ. ಓದಲು ಗ್ರಂಥಾಲಯ, ಮನಸ್ಸಿಗೆ ಯೋಗ, ಮೈಗೆ ಬ್ಯಾಡ್ಮಿಂಟನ್. ಇಷ್ಟೆಲ್ಲ ಸಿಗುವುದು ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನಲ್ಲಿ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸುಮಾರು 13,000 ಕೋಟಿ ರೂಪಾಯಿ ಹಗರಣದ ಆರೋಪಿ ಮೆಹುಲ್ ಚೋಕ್ಸಿಯವರನ್ನು ಒಪ್ಪಿಸಿ ಎಂದು ಕೇಳುತ್ತ, 2025ರ ಸೆಪ್ಟೆಂಬರಿನಲ್ಲಿ ನಮ್ಮ ಗೃಹ ಸಚಿವಾಲಯ ಬೆಲ್ಜಿಯಂಗೆ ಬರೆದುಕೊಟ್ಟ ಭರವಸೆ ಇದು. ಚೋಕ್ಸಿಯವರಿಗೆಂದು ತೋರಿಸಿದ ಭಾಗವೇ 46 ಚದರ ಮೀಟರ್. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಸಿಂಗಲ್ ಬೆಡ್‌ರೂಮ್ ಮನೆ ಬೇಕೆಂದರೆ ಅಡ್ವಾನ್ಸ್ ಕೊಟ್ಟು, ಊಟದಲ್ಲಿ ನೀವು ಯಾವ ಜಾತಿ ಎಂದು ಮಾಲೀಕರಿಗೆ ವಿವರಿಸಬೇಕು. ಇಲ್ಲಿ ಆ ತಾಪತ್ರಯವೂ ಇಲ್ಲ.

ಇಂಥ ಯೋಜನೆಯ ವಿವರ ಜನಸಾಮಾನ್ಯರಿಗೆ ತಲುಪದಿರುವುದು ಅನ್ಯಾಯ. ಆದ್ದರಿಂದ ಸಾರ್ವಜನಿಕರ ಮಾಹಿತಿಗಾಗಿ ಕೆಳಗಿನ ಕೈಪಿಡಿ.

ಅರ್ಹತೆ

ಮೊದಲನೆಯ ಷರತ್ತು, ಅರ್ಜಿದಾರ ಭಾರತದಲ್ಲಿ ಇರಕೂಡದು. ಊರಲ್ಲೇ ಉಳಿದು, ಪೊಲೀಸರು ಕರೆದಾಗ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತವನು ಆ ಕ್ಷಣವೇ ಅನರ್ಹ.

ಎರಡನೆಯದು ಮೊತ್ತ. ಪರಾರಿಯಾದ ಆರ್ಥಿಕ ಅಪರಾಧಿಗಳ ಕಾಯ್ದೆ ಎಂದು 2018ರಲ್ಲಿ ಒಂದು ಕಾನೂನು ಬಂತು. ಅದರಡಿ ಬರಲು ವ್ಯವಹಾರ ಕನಿಷ್ಠ 100 ಕೋಟಿಯದಾಗಿರಬೇಕು. ತೊಂಬತ್ತೊಂಬತ್ತು ಕೋಟಿ ಎತ್ತಿದವನು ಬರಿಯ ಕಳ್ಳ. ನೂರು ತುಂಬಿಸಿದವನಿಗೆ ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ಬಿರುದು. 2019ರ ಜನವರಿಯಲ್ಲಿ ಆ ಬಿರುದಿಗೆ ಪಾತ್ರರಾದ ಮೊದಲಿಗರು ನಮ್ಮವರೇ, ವಿಜಯ್ ಮಲ್ಯ. ನಮ್ಮ ಶಾಸಕರು ಎರಡು ಸಲ ಮತ ಹಾಕಿ ರಾಜ್ಯಸಭೆಗೆ ಕಳಿಸಿದವರು. ಲಂಡನ್ನಿನಿಂದ ಟಿಪ್ಪುವಿನ ಖಡ್ಗವನ್ನು ಕೊಂಡು ತಂದವರು. 2016ರ ಮಾರ್ಚ್ 2ರಂದು ಸಂಸದರಿಗೆ ಕೊಡುವ ರಾಜತಾಂತ್ರಿಕ ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು ಲಂಡನ್ ವಿಮಾನ ಹತ್ತಿದರು. ಅವರನ್ನು ದೇಶ ಬಿಡಲು ಬಿಡಬೇಡಿ ಎಂದು ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದದ್ದು ಅದಾದ ಆರು ದಿನಕ್ಕೆ. ಬ್ಯಾಂಕಿನವರು ರೈತನ ಮನೆಗೆ ಜಪ್ತಿಗೆ ಬರುವ ವೇಗ ಬಲ್ಲವರಿಗೆ ಈ ಸಾವಧಾನ ಹೊಸದೆನಿಸಬಹುದು.

ಮೂರನೆಯದು, ಭೂಗೋಳದ ಜ್ಞಾನ. ಎಲ್ಲಿಗೆ ಓಡಬೇಕೆಂಬುದು ಎಷ್ಟು ಎತ್ತಬೇಕೆಂಬುದರಷ್ಟೇ ಮುಖ್ಯ. ಉಡುಪಿ ಸೀಮೆಯ ಭೂಗತ ಪಾತಕಿ ಬನ್ನಂಜೆ ರಾಜ ಮೊರಾಕ್ಕೊಗೆ ಹೋಗಿ ಕೆಟ್ಟ. 2015ರ ಆರಂಭದಲ್ಲಿ ಸಿಕ್ಕಿಬಿದ್ದು ಆಗಸ್ಟ್ ಹೊತ್ತಿಗೆಲ್ಲ ಕರ್ನಾಟಕ ಪೊಲೀಸರ ಕೈಯಲ್ಲಿದ್ದ. ಅದೇ ಕಸುಬಿನ ರವಿ ಪೂಜಾರಿ ಹೆಸರು ಬದಲಿಸಿ, ಬುರ್ಕಿನಾ ಫಾಸೊ ಪಾಸ್‌ಪೋರ್ಟ್ ಹಿಡಿದು ಸೆನೆಗಲ್‌ನಲ್ಲಿ ಕೂತ. 2019ರಲ್ಲಿ ಸಿಕ್ಕಿದವನು 2020ರ ಫೆಬ್ರುವರಿಗೆ ಬೆಂಗಳೂರಿನಲ್ಲಿ ವಿಮಾನ ಇಳಿದ. ಇವರ ಸೆಲ್ಲಿನ ಕಿಟಕಿ ಎಷ್ಟಗಲ, ಹಾಸಿಗೆ ಹತ್ತಿಯದೋ ನಾರಿನದೋ ಎಂದು ಯಾವ ನ್ಯಾಯಾಧೀಶರೂ ತಲೆ ಕೆಡಿಸಿಕೊಂಡ ಸುದ್ದಿ ಬರಲಿಲ್ಲ. ಅಮೆರಿಕವೂ ಅಷ್ಟೇನೂ ಕ್ಷೇಮವಲ್ಲ. ಕೇಳಿದ ದೇಶದ ಜೈಲು ಹೇಗಿದೆ ಎಂದು ಇಣುಕಿ ನೋಡುವುದು ತಮ್ಮ ಕೆಲಸವಲ್ಲ, ಅದು ವಿದೇಶಾಂಗ ಇಲಾಖೆಯ ತಲೆನೋವು ಎಂಬುದು ಅಲ್ಲಿನ ನ್ಯಾಯಾಲಯಗಳ ಹಳೆಯ ಪದ್ಧತಿ. ಮುಂಬೈ ದಾಳಿ ಪ್ರಕರಣದ ತಹವ್ವುರ್ ರಾಣಾ ತನ್ನ ಕಾಯಿಲೆಗಳ ಪಟ್ಟಿ ಕೊಟ್ಟ, ಚಿತ್ರಹಿಂಸೆಯ ಭಯ ಹೇಳಿಕೊಂಡ. 2025ರ ಏಪ್ರಿಲ್‌ನಲ್ಲಿ ದಿಲ್ಲಿಗೆ ಬಂದ.

ಈ ರಗಳೆಯೇ ಬೇಡವೆಂದವರಿಗೆ ಬಿಡದಿಯಲ್ಲೊಂದು ಮಾದರಿ ಇದೆ. ರಾಮನಗರದ ನ್ಯಾಯಾಲಯದಲ್ಲಿ ಅತ್ಯಾಚಾರ ಆರೋಪದ ಪ್ರಕರಣ ಬಾಕಿ ಇರುವಾಗಲೇ ದೇಶ ಬಿಟ್ಟ ಬಿಡದಿ ಆಶ್ರಮದ ನಿತ್ಯಾನಂದರು ಹಸ್ತಾಂತರ ಒಪ್ಪಂದವಿಲ್ಲದ ದೇಶ ಯಾವುದೆಂದು ಹುಡುಕಲು ಹೋಗಲಿಲ್ಲ; 'ಕೈಲಾಸ'ವೆಂಬ ದೇಶವನ್ನೇ ಘೋಷಿಸಿಕೊಂಡರು. 2023ರ ಫೆಬ್ರುವರಿಯಲ್ಲಿ ಆ ದೇಶದ ಪ್ರತಿನಿಧಿಯೆಂದು ಹೇಳಿಕೊಂಡ ಶಿಷ್ಯೆಯೊಬ್ಬರು ಜಿನೀವಾದ ವಿಶ್ವಸಂಸ್ಥೆಯ ಸಭೆಯಲ್ಲಿ ಎದ್ದುನಿಂತು, ಗುರುಗಳ ಮಾನವ ಹಕ್ಕು ತವರಿನಲ್ಲೇ ಹರಣವಾಗುತ್ತಿದೆ ಎಂದು ಅಹವಾಲು ಹೇಳಿದರು. ಆ ಮಾತು ಚರ್ಚೆಯ ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ವಿಶ್ವಸಂಸ್ಥೆ ಪಕ್ಕಕ್ಕಿಟ್ಟಿತು, ನಿಜ. ಆದರೆ ಮಾನವ ಹಕ್ಕು ಎಂಬ ಮಾತಿನ ಬೆಲೆ ಬಿಡದಿಯಿಂದ ಹೊರಟವರಿಗೂ ತಿಳಿದಿತ್ತು ಎಂಬುದನ್ನು ಗಮನಿಸಿ.

ಅರ್ಜಿ ಸಲ್ಲಿಸುವ ಕ್ರಮ

ಜಾಣರು ಲಂಡನ್ನಿಗೇ ಹೋಗುವುದು ಹವೆಗಾಗಿ ಅಲ್ಲ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿ ಅಲ್ಲಿ ಜಾರಿಯಲ್ಲಿದೆ. ಯಾರನ್ನೂ ಚಿತ್ರಹಿಂಸೆಗೆ, ಅಮಾನವೀಯ ನಡವಳಿಕೆಗೆ ಗುರಿಮಾಡಕೂಡದು ಎನ್ನುವ ವಿಧಿ ಅದು. 1989ರಲ್ಲಿ ಜೆನ್ಸ್ ಸೋರಿಂಗ್ ಎಂಬ ಜರ್ಮನ್ ಯುವಕನನ್ನು ಕೊಲೆ ಪ್ರಕರಣದಲ್ಲಿ ಅಮೆರಿಕದ ವರ್ಜೀನಿಯಾಕ್ಕೆ ಕಳಿಸಲು ಬ್ರಿಟನ್ ಹೊರಟಾಗ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಅಡ್ಡ ಬಂತು. ಹಿಂಸೆ ಕೊಡುವವನು ಬೇರೆಯವನಾದರೂ ಅಲ್ಲಿಗೆ ಕೈಯಾರೆ ದಾಟಿಸುವವನೂ ಪಾಲುದಾರ ಎಂಬುದು ಅದರ ತೀರ್ಪಿನ ಸಾರ. ಮರಣದಂಡನೆ ಕೇಳುವುದಿಲ್ಲವೆಂದು ಅಮೆರಿಕ ಬರೆದುಕೊಟ್ಟ ಮೇಲೆ ಅವನು ಹೋದ. ಬರೆದುಕೊಡುವ ಸಂಪ್ರದಾಯಕ್ಕೆ ಬಲ ಬಂದದ್ದು ಅಲ್ಲಿಂದ. 1996ರಲ್ಲಿ ಕರಮ್‌ಜಿತ್ ಸಿಂಗ್ ಚಹಲ್ ಎಂಬ ಸಿಖ್ ಹೋರಾಟಗಾರನನ್ನು ಭಾರತಕ್ಕೆ ದಬ್ಬಲು ಬ್ರಿಟನ್ ಯತ್ನಿಸಿದಾಗ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮನುಷ್ಯ ಎಂಥವನೇ ಇರಲಿ, ಆರೋಪ ಎಷ್ಟೇ ಗುರುತರವಿರಲಿ, 3ನೇ ವಿಧಿಗೆ ವಿನಾಯಿತಿ ಇಲ್ಲ.

ಕಾನೂನು ಚೆನ್ನಾಗಿದೆ. ಅದನ್ನು ಬಳಸುವವರು ಇನ್ನೂ ಚೆನ್ನಾಗಿದ್ದಾರೆ.

ಕ್ರಮ ಹೀಗೆ. ಮೊದಲು ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ಅಲ್ಲಿ ಸೋತರೆ ಗೃಹಮಂತ್ರಿಯ ಮೇಜು. ಅವರು ಸಹಿ ಹಾಕಿದರೆ ಹೈಕೋರ್ಟ್. ಅಲ್ಲೂ ಸೋತರೆ ಸುಪ್ರೀಂ ಕೋರ್ಟಿಗೆ ಹೋಗಲು ಅನುಮತಿ ಕೇಳುವ ಅರ್ಜಿ. ಅದೂ ಬಿದ್ದರೆ ಸ್ಟ್ರಾಸ್‌ಬರ್ಗ್. ಎಲ್ಲ ಮುಗಿಯಿತು ಎನ್ನುವಾಗ ಆಶ್ರಯ ಕೋರಿಕೆ. ಪ್ರತಿ ಮೆಟ್ಟಿಲಲ್ಲೂ ಒಂದೊಂದು ಕಾರಣ ಹೂಡಬಹುದು: ಇದು ರಾಜಕೀಯ ದ್ವೇಷ, ಮಾಧ್ಯಮಗಳು ಆಗಲೇ ತೀರ್ಪು ಕೊಟ್ಟಿವೆ, ನನಗೆ ಸಕ್ಕರೆ ಕಾಯಿಲೆ, ನನಗೆ ಖಿನ್ನತೆ, ಅಲ್ಲಿನ ಜೈಲಿನಲ್ಲಿ ಇಲಿ. ಕಾಯಿಲೆಯ ಕಾರಣ ಹಗುರವಾದದ್ದೆಂದು ಭಾವಿಸಬೇಡಿ. ಚಿಲಿಯ ಸರ್ವಾಧಿಕಾರಿ ಪಿನೊಶೆ 1998ರಲ್ಲಿ ಲಂಡನ್ನಿನಲ್ಲಿ ಸೆರೆಸಿಕ್ಕಿ, ವಿಚಾರಣೆ ಎದುರಿಸುವ ಆರೋಗ್ಯವಿಲ್ಲವೆಂಬ ಕಾರಣಕ್ಕೆ 2000ದ ಮಾರ್ಚ್‌ನಲ್ಲಿ ಬಿಡುಗಡೆಯಾದ. ಸ್ಯಾಂಟಿಯಾಗೊದಲ್ಲಿ ವಿಮಾನದಿಂದ ಗಾಲಿಕುರ್ಚಿಯಲ್ಲಿ ಇಳಿಸಿದರು. ಬೆಂಬಲಿಗರನ್ನು ಕಂಡದ್ದೇ ತಡ, ಕುರ್ಚಿ ಬಿಟ್ಟು ಎದ್ದುನಿಂತು ಕೈಬೀಸಿದ. ತವರಿನ ಗಾಳಿಗೆ ಅಂಥ ಗುಣವಿರಬೇಕು.

ಮಲ್ಯರದು ಈ ಮೆಟ್ಟಿಲುಗಳ ಪೂರ್ಣ ಪ್ರದಕ್ಷಿಣೆ. 2018ರ ಡಿಸೆಂಬರಿನಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಕಳಿಸಬಹುದೆಂದಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಮೇಲ್ಮನವಿ ತಳ್ಳಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ದಾರಿಯೂ ಮುಚ್ಚಿತು. ಇಪ್ಪತ್ತೆಂಟು ದಿನದಲ್ಲಿ ಬಂದೇಬಿಡುತ್ತಾರೆಂದು ನಮ್ಮ ಟಿವಿಗಳು ವಿಮಾನ ನಿಲ್ದಾಣದ ದಾರಿ ನೋಡಿದವು. ಇನ್ನೊಂದು ಕಾನೂನು ಪ್ರಕ್ರಿಯೆ ಬಾಕಿ ಇದೆ, ಅದು ಗೋಪ್ಯ ಎಂದಿತು ಬ್ರಿಟನ್. ಗೋಪ್ಯ ಎಂದರೆ ಗೋಪ್ಯವೇ. ಐದು ವರ್ಷ ದಾಟಿದರೂ ಅದರ ಗುಟ್ಟು ಬಿಟ್ಟಿಲ್ಲ. ಅವರು ಬರದಿದ್ದರೂ ಅವರ ಅರ್ಜಿಗಳು ಬರುತ್ತಿವೆ. ವಂಚನೆ ಆರೋಪವನ್ನು ಅವರು ಒಪ್ಪುವುದಿಲ್ಲ. ತಮ್ಮಿಂದ ಬಾಕಿಗಿಂತ ಹೆಚ್ಚೇ ವಸೂಲಾಗಿದೆ, ಲೆಕ್ಕ ಕೊಡಿಸಿ ಎಂದು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕರು. ಅವರ ಆಸ್ತಿಯಿಂದ 14,131 ಕೋಟಿ ರೂಪಾಯಿ ಬ್ಯಾಂಕುಗಳಿಗೆ ಮರಳಿದೆಯೆಂದು ಹಣಕಾಸು ಸಚಿವರೇ ಸಂಸತ್ತಿನಲ್ಲಿ ಹೇಳಿದ್ದರು. ಕಿಂಗ್‌ಫಿಷರ್ ವಿಮಾನ 2012ರಲ್ಲಿ ನಿಂತಾಗ ಸಂಬಳ ಸಿಗದೆ ಮನೆಗೆ ಹೋದವರು ಮಾತ್ರ ಯಾವ ದೇಶದ ಯಾವ ಹೈಕೋರ್ಟಿನಲ್ಲಿ ಲೆಕ್ಕ ಕೇಳಬೇಕೆಂದು ವರ್ಷಗಟ್ಟಲೆ ತೀರ್ಮಾನವಾಗಲಿಲ್ಲ.

ಸ್ಥಳ ಪರಿಶೀಲನೆ

ಯಾವುದೇ ಸರಕಾರಿ ಯೋಜನೆಯಲ್ಲಿ ಸ್ಥಳ ಪರಿಶೀಲನೆ ಎಂಬ ಘಟ್ಟವಿರುತ್ತದಲ್ಲ. ಇಲ್ಲಿ ಅದನ್ನು ಮಾಡುವವರು ತಹಶೀಲ್ದಾರರಲ್ಲ, ಲಂಡನ್ನಿನ ನ್ಯಾಯಾಧೀಶೆ.

ಮಲ್ಯರಿಗೆ ಕೊಡುವ ಕೋಣೆಯ ಫೋಟೊಗಳನ್ನು ಭಾರತ ಕಳಿಸಿತ್ತು. ಫೋಟೊ ನಂಬುವುದು ಕಷ್ಟ ಎಂದರು ಪ್ರತಿವಾದಿ ವಕೀಲರು. 2018ರ ಜುಲೈಯಲ್ಲಿ ನ್ಯಾಯಾಧೀಶೆ ಎಮ್ಮಾ ಆರ್ಬತ್‌ನಾಟ್ ವಿಡಿಯೊ ಕೇಳಿದರು. ಸಿನಿಮಾ ನಿರ್ದೇಶಕರು ಕಲಿಯಬೇಕು, ಅಷ್ಟು ಸ್ಪಷ್ಟ ಸೂಚನೆ. ನಡುಮಧ್ಯಾಹ್ನ ಚಿತ್ರಿಸಬೇಕು. ವಿದ್ಯುದ್ದೀಪ ಹಾಕಕೂಡದು. ಕ್ಯಾಮೆರಾ ಬಾಗಿಲಿನಿಂದ ಹೆಜ್ಜೆ ಹೆಜ್ಜೆಯಾಗಿ ಒಳಗೆ ಹೋಗಬೇಕು. ಕಿಟಕಿಯಿಂದ ಹಗಲ ಬೆಳಕು ಬರುತ್ತದೋ ಇಲ್ಲವೋ ತೋರಿಸಬೇಕು. ಭಾರತ ಸರಕಾರ ಚಾಚೂ ತಪ್ಪದೆ ಚಿತ್ರೀಕರಿಸಿ ಕಳಿಸಿತು. ಟಿವಿ, ಶೌಚಾಲಯ, ಓಡಾಡಲು ಅಂಗಳ, ಎಲ್ಲವೂ ಅದರಲ್ಲಿ ಬಂದವು. ಚಿತ್ರ ನೈಜವಾಗಿದೆಯೆಂದು ನ್ಯಾಯಾಧೀಶೆ ಒಪ್ಪಿದರು. ಬ್ಯಾರಕ್ಕನ್ನು ಈಚೆಗಷ್ಟೇ ನವೀಕರಿಸಿದಂತಿದೆ ಎಂದೂ ತೀರ್ಪಿನಲ್ಲಿ ಸೇರಿಸಿದರು. ಬಣ್ಣದ ವಾಸನೆ ವಿಡಿಯೊದಲ್ಲೂ ಬರುತ್ತದೆಂದು ನಮ್ಮವರಿಗೆ ಯಾರು ಹೇಳಬೇಕಿತ್ತು? ಅದೇ ತೀರ್ಪಿನಲ್ಲಿ ನಮ್ಮ ಬ್ಯಾಂಕಿನವರಿಗೂ ಒಂದು ಮಾತಿತ್ತು: ಒಡವೆ, ಅಂಗರಕ್ಷಕರು, ಥಳಕುಬಳುಕಿನ ಕೋಟ್ಯಧಿಪತಿಯ ಮೋಡಿಗೆ ಬಿದ್ದು ತಮ್ಮ ಬುದ್ಧಿಯನ್ನೂ ತಮ್ಮದೇ ನಿಯಮಗಳನ್ನೂ ಬದಿಗಿಟ್ಟರೇನೋ ಎಂದು. ಇಷ್ಟು ಸೊಗಸಾದ ಲೆಕ್ಕಪರಿಶೋಧನಾ ವರದಿ ನಮ್ಮ ಯಾವ ಬ್ಯಾಂಕಿನಲ್ಲೂ ಬಂದಿರಲಿಕ್ಕಿಲ್ಲ.

ಜೈಲಿನ ವಿಡಿಯೊಗಾಗಿ ಸರಕಾರ ಅಷ್ಟು ಕಷ್ಟಪಟ್ಟದ್ದು ಮುಂಬೈ ಆದ್ದರಿಂದ. ಬೆಂಗಳೂರಾಗಿದ್ದರೆ ಕೈದಿಗಳೇ ಕಳಿಸಿಬಿಡುತ್ತಿದ್ದರು. ಪರಪ್ಪನ ಅಗ್ರಹಾರದ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕಾಫಿ ಮಗ್ಗು, ಸಿಗರೇಟು ಹಿಡಿದು ಕೂತ ನಟನ ಫೋಟೊ 2024ರ ಆಗಸ್ಟ್‌ನಲ್ಲಿ ನಾಡೆಲ್ಲ ನೋಡಿತು. 2025ರ ನವೆಂಬರಿನಲ್ಲಿ ಅದೇ ಜೈಲಿನೊಳಗಿನ ಮೊಬೈಲು, ಟಿವಿಗಳ ವಿಡಿಯೊ ಹೊರಬಂತು. ಮಧ್ಯಾಹ್ನದ ಬೆಳಕು, ಗಾಳಿ, ಮನರಂಜನೆ, ಎಲ್ಲಕ್ಕೂ ಸಾಕ್ಷ್ಯ ಸಿದ್ಧವಿದೆ.

ಪರಿಶೀಲನೆಯಲ್ಲಿ ಫೇಲಾದ ಜೈಲೂ ಇದೆ: ದಿಲ್ಲಿಯ ತಿಹಾರ್. ಹ್ಯಾನ್ಸಿ ಕ್ರೋನಿಯೆ ಕಾಲದ ಕ್ರಿಕೆಟ್ ಮೋಸದಾಟ ಪ್ರಕರಣದ ಸಂಜೀವ್ ಚಾವ್ಲಾನನ್ನು ತಿಹಾರಿಗೆ ಕಳಿಸಲು 2017ರಲ್ಲಿ ಲಂಡನ್ ಒಪ್ಪಲಿಲ್ಲ. ಭಾರತ ಮತ್ತೆ ಮತ್ತೆ ಭರವಸೆ ಬರೆದುಕೊಟ್ಟ ಮೇಲೆ 2020ರಲ್ಲಿ ಬಂದ. ಶಸ್ತ್ರಾಸ್ತ್ರ ವ್ಯವಹಾರದ ಸಂಜಯ್ ಭಂಡಾರಿ ಪ್ರಕರಣದಲ್ಲಿ ಭರವಸೆಯೂ ಸಾಲಲಿಲ್ಲ. ತಿಹಾರಿನಲ್ಲಿ ಈ ಮನುಷ್ಯನಿಂದ ಸಹಕೈದಿಗಳೋ ಸಿಬ್ಬಂದಿಯೋ ಹೆದರಿಸಿ, ಹೊಡೆದು ಹಣ ಕೀಳುವ ನಿಜವಾದ ಅಪಾಯವಿದೆ ಎಂದು 2025ರ ಫೆಬ್ರುವರಿಯಲ್ಲಿ ಲಂಡನ್ ಹೈಕೋರ್ಟ್ ಹೇಳಿ ಅವರನ್ನು ಬಿಟ್ಟಿತು. ಆ ತೀರ್ಪನ್ನೇ ಹಿಡಿದುಕೊಂಡು, ಎಲ್ಲ ಮೆಟ್ಟಿಲಲ್ಲೂ ಸೋತಿದ್ದ, ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದ ಇನ್ನೊಬ್ಬ ಆರೋಪಿ ನೀರವ್ ಮೋದಿ ಮತ್ತೆ ಹೈಕೋರ್ಟಿನ ಕದ ತಟ್ಟಿದರು. ದಿಲ್ಲಿಯಲ್ಲಿ ಗಡಿಬಿಡಿ ಶುರುವಾಯಿತು. ಬ್ರಿಟನ್ನಿನ ಪ್ರಾಸಿಕ್ಯೂಷನ್ ತಂಡ ಬಂದು ತಿಹಾರ್ ಸುತ್ತಾಡಿ ನೋಡಿತು. ಅಗತ್ಯಬಿದ್ದರೆ ವಿದೇಶದಿಂದ ಬರುವ ಗಣ್ಯ ಆರೋಪಿಗಳಿಗೆಂದೇ ಜೈಲೊಳಗೆ ಪ್ರತ್ಯೇಕ ಆವರಣ ಮಾಡಿಕೊಡುತ್ತೇವೆಂದು ನಮ್ಮ ಅಧಿಕಾರಿಗಳು ಹೇಳಿದ ಸುದ್ದಿಯೂ ಬಂತು.

ಲಂಡನ್ ಹೇಳಿದ ಮಾತು ಹೊಸದೇನಲ್ಲ. ತಿಹಾರಿನಲ್ಲಿ ಹಣ ಕೀಳಲು ಒಬ್ಬ ಕೈದಿಯ ಗುದದ್ವಾರಕ್ಕೆ ವಾರ್ಡರ್ ಲಾಠಿ ತುರುಕಿದನೆಂದು ಅದೇ ಜೈಲಿನ ಇನ್ನೊಬ್ಬ ಕೈದಿ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟಿಗೆ ಪತ್ರ ಬರೆದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, ಜೈಲಿನ ಬಾಗಿಲಲ್ಲಿ ಸಂವಿಧಾನ ನಿಂತುಬಿಡುವುದಿಲ್ಲವೆಂಬ ಅರ್ಥದ ತೀರ್ಪು ಕೊಟ್ಟರು. ಅದು 1979ರ ಡಿಸೆಂಬರ್. ನಮ್ಮದೇ ಸುಪ್ರೀಂ ಕೋರ್ಟ್ ಹೇಳಿದಾಗ ತಿಹಾರಿನಲ್ಲಿ ಪ್ರತ್ಯೇಕ ಆವರಣದ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾಲ್ಕೂವರೆ ದಶಕದ ಮೇಲೆ ಅದನ್ನೇ ಇಂಗ್ಲಿಷರು ಹೇಳಿದರು, ಕೆಲವೇ ತಿಂಗಳಲ್ಲಿ ಅಧಿಕಾರಿಗಳು ಅಳತೆ ಟೇಪು ಹಿಡಿದು ಓಡಾಡಿದರು.

ಅನರ್ಹರು

ಈಗ ಯೋಜನೆಯ ಹೊರಗುಳಿದವರ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ಯಾವ ನ್ಯಾಯಾಲಯವೂ ಅವರನ್ನಿನ್ನೂ ತಪ್ಪಿತಸ್ಥರೆಂದು ಹೇಳಿಲ್ಲ. ನೂರು ಮಂದಿಯ ಜಾಗದಲ್ಲಿ 131 ಮಂದಿ. ಇದು ಆಗಿನ ದೇಶದ ಸರಾಸರಿ; ಆರ್ಥರ್ ರೋಡಿನಲ್ಲಿ 12ನೇ ಬ್ಯಾರಕ್ಕಿನ ಗೋಡೆ ದಾಟಿದರೆ ಸರಾಸರಿಗೂ ನಾಚಿಕೆಯಾಗುತ್ತದೆ.

ತಮಾಷೆ ಇನ್ನೂ ಮುಗಿದಿಲ್ಲ. ಕೇಂದ್ರ ಸರಕಾರವೇ ರಾಜ್ಯಗಳಿಗೆ ಕಳಿಸಿದ 2016ರ ಮಾದರಿ ಜೈಲು ಕೈಪಿಡಿ ಪ್ರಕಾರ ಬ್ಯಾರಕ್ಕಿನಲ್ಲಿ ಮಲಗುವ ಪ್ರತಿ ಕೈದಿಗೆ 3.71 ಚದರ ಮೀಟರ್ ನೆಲ ಸಿಗಬೇಕು. ಲಂಡನ್, ಬ್ರಸೆಲ್ಸ್‌ಗಳಿಗೆ ನಾವು ಪ್ರಮಾಣ ಮಾಡಿ ಬರೆದುಕೊಡುತ್ತಿರುವುದು 3 ಚದರ ಮೀಟರ್, ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಇದಕ್ಕಿಂತ ಕಡಿಮೆಯಾದರೆ ಅಮಾನವೀಯವೆಂದು ಅನುಮಾನಿಸುವ ಗೆರೆ. ನಮ್ಮ ಪುಸ್ತಕ ಯುರೋಪಿಗಿಂತ ಉದಾರ. ಆದರೆ ಪುಸ್ತಕವನ್ನು ಓಡಿಹೋದವನಿಗೂ ಕೊಡಲಾಗುವುದಿಲ್ಲ, ಉಳಿದವನಿಗಂತೂ ಇಲ್ಲ. ಅದು ಅಲಮಾರಿಗೆ ಮೀಸಲು.

ಅನರ್ಹರಲ್ಲೊಬ್ಬ ಬರೆಯಬಹುದಾದ ಅರ್ಜಿಯ ನಮೂನೆಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಕೊಟ್ಟಿದ್ದೇನೆ.

"ವೆಸ್ಟ್‌ಮಿನ್‌ಸ್ಟರಿನ ಘನ ನ್ಯಾಯಾಧೀಶರ ಸನ್ನಿಧಾನಕ್ಕೆ, ಬೆಂಗಳೂರು ಜೈಲಿನ ವಿಚಾರಣಾಧೀನ ಕೈದಿಯ ವಿನಂತಿ.

ವಿಷಯ: ನನ್ನನ್ನು ಭಾರತಕ್ಕೆ ಹಸ್ತಾಂತರಿಸುವ ಕುರಿತು.

ಮಾನ್ಯರೇ, ನಾನು ಭಾರತದಲ್ಲೇ ಇದ್ದೇನೆ. ಅದೇ ನನ್ನ ತೊಂದರೆ. ಒಂದು ಮೊಬೈಲು ಕದ್ದ ಆರೋಪ ನನ್ನ ಮೇಲಿದೆ. ಪೊಲೀಸರು ಬಂದಾಗ ಓಡಲಿಲ್ಲ. ಓಡಿದರೆ ತಪ್ಪು ಮಾಡಿದವನಂತೆ ಕಾಣುತ್ತದೆಂದು ನಮ್ಮವ್ವ ಹೇಳಿದ್ದಳು. ಆಕೆಗೆ ಲೋಕಜ್ಞಾನ ಕಡಿಮೆ.

ನನಗೆ ಜಾಮೀನು ಸಿಕ್ಕಿದೆ ಸ್ವಾಮಿ. ಆದರೆ ಶ್ಯೂರಿಟಿಗೆ ಪಹಣಿ ಇರುವವರು ಬೇಕಂತೆ. ನಮ್ಮ ಹೆಸರಲ್ಲಿ ಪಹಣಿ ಇದ್ದಿದ್ದರೆ ನಾನು ಬೆಂಗಳೂರಿಗೆ ಯಾಕೆ ಬರುತ್ತಿದ್ದೆ? ಎರಡು ವಾಯಿದೆಗೆ ಕರೆದೊಯ್ಯಲು ಎಸ್ಕಾರ್ಟ್ ಪೊಲೀಸರು ಇರಲಿಲ್ಲ. ಮೂರನೆಯದಕ್ಕೆ ಪೊಲೀಸರಿದ್ದರು, ಸಾಕ್ಷಿ ಇರಲಿಲ್ಲ.

ತಾವು ಕೋಣೆಯ ವಿಡಿಯೊ ನೋಡುತ್ತೀರೆಂದು ಪೇಪರಿನಲ್ಲಿ ಓದಿದೆ. ನಮ್ಮ ಬ್ಯಾರಕ್ಕಿಗೆ ಹಗಲು ಬರಬೇಡಿ, ಸಂಜೆ ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ಬನ್ನಿ. ಮಲಗಿದವನು ಮಗ್ಗುಲು ಬದಲಿಸಬೇಕಾದರೆ ಎಡಗಡೆಯವನನ್ನೂ ಬಲಗಡೆಯವನನ್ನೂ ಎಬ್ಬಿಸಿ ಒಪ್ಪಿಸಬೇಕು. ಇಡೀ ಸಾಲು ಒಟ್ಟಿಗೇ ಮಗುಚಬೇಕು. ಶೌಚಾಲಯದ ಪಕ್ಕದ ಜಾಗ ಹೊಸಬರದು. ಹಳಬನಾದಷ್ಟೂ ದೂರ ಸರಿಯುತ್ತಾನೆ. ಇಲ್ಲಿ ಬಡ್ತಿ ಎಂದರೆ ಅದೇ.

ಹತ್ತಿ ಹಾಸಿಗೆ ನನಗೆ ಬೇಡ. ಬ್ಯಾಡ್ಮಿಂಟನ್ ಆಡಲು ಬರುವುದಿಲ್ಲ. ಹಲ್ಲುನೋವಿಗೆ ಕೊಡುವ ಮಾತ್ರೆಯನ್ನೇ ಹೊಟ್ಟೆನೋವಿಗೂ ಕೊಡುವುದು ನಿಂತರೆ ಸಾಕು. ಇದಕ್ಕಾಗಿ ತಾವು ಮಾಡಬೇಕಾದ್ದು ಇಷ್ಟೆ: ನನ್ನನ್ನು ಒಂದು ದಿನದ ಮಟ್ಟಿಗೆ ಲಂಡನ್ನಿಗೆ ಕರೆಸಿಕೊಳ್ಳಿ. ಭಾರತ ಸರಕಾರ ನನ್ನನ್ನು ವಾಪಸು ಕೇಳುತ್ತದೆ. ಆಗ ತಾವು ಸ್ವಲ್ಪ ಹುಬ್ಬು ಗಂಟಿಕ್ಕಿ, 'ಇವನನ್ನು ಎಲ್ಲಿ ಮಲಗಿಸುತ್ತೀರಿ?' ಎಂದು ಕೇಳಿದರೆ ಸಾಕು. ಮಿಕ್ಕದ್ದನ್ನು ನಮ್ಮ ಗೃಹ ಸಚಿವಾಲಯ ನೋಡಿಕೊಳ್ಳುತ್ತದೆ. ಸರಕಾರ ನನ್ನ ಬಗ್ಗೆ ಯಾರಿಗಾದರೂ ಒಂದು ಪತ್ರ ಬರೆದದ್ದನ್ನು ಕಣ್ಣಾರೆ ನೋಡಬೇಕೆಂದು ಆಸೆ."

ಮೇಲ್ಮನವಿ

ಭಂಡಾರಿ ತೀರ್ಪು ಬಂದ ದಿನ ನಮ್ಮ ಟಿವಿ ಚರ್ಚೆಗಳಲ್ಲಿ ಆವೇಶ ನೋಡಬೇಕಿತ್ತು. ಇನ್ನೂರು ವರ್ಷ ನಮ್ಮನ್ನು ಲೂಟಿ ಹೊಡೆದವರು ನಮಗೆ ಮಾನವ ಹಕ್ಕಿನ ಪಾಠ ಹೇಳುವುದೇ? ಅವರ ಜೈಲೇನು ಸ್ವರ್ಗವೇ? ಮಾತಿನಲ್ಲಿ ಹುರುಳಿದೆ. ನೀರವ್ ಮೋದಿ 2019ರಲ್ಲಿ ಸೇರಿದ ವಾಂಡ್ಸ್‌ವರ್ತ್ ಜೈಲಿನ ಸ್ಥಿತಿ ಕಂಡು ಬ್ರಿಟನ್ನಿನ ಜೈಲು ತಪಾಸಕರೇ 2024ರಲ್ಲಿ ಸರಕಾರಕ್ಕೆ ತುರ್ತು ಎಚ್ಚರಿಕೆ ಕೊಟ್ಟರು. ಬ್ರಿಟನ್ನಿನ ಜೈಲುಗಳನ್ನು ನಂಬಲಾಗದೆಂದು 2023ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನ್ಯಾಯಾಲಯ ಒಬ್ಬ ಆರೋಪಿಯನ್ನು ಅಲ್ಲಿಗೆ ಕಳಿಸಲು ನಿರಾಕರಿಸಿತು. ಎಂದರೆ ಬ್ರಿಟನ್ ನಮಗೆ ಕೇಳುವ ಪ್ರಶ್ನೆಯನ್ನು ಜರ್ಮನಿ ಬ್ರಿಟನ್ನಿಗೂ ಕೇಳುತ್ತದೆ. ವಸಾಹತುಶಾಹಿ ದರ್ಪವೆಂದು ಕೂಗಲು ಇದರಿಂದ ಸ್ವಲ್ಪ ಅಡಚಣೆಯಾಗುತ್ತದೆ.

ಇನ್ನೊಂದು ಅಡಚಣೆ ನಮ್ಮದೇ ಕಡತದಲ್ಲಿದೆ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು. ಸಹಿ ಹಾಕಿತು, ಅಷ್ಟೆ, ಅನುಮೋದಿಸಲಿಲ್ಲ. ಮದುವೆಗೆ ತಾಂಬೂಲ ಬದಲಿಸಿ ಇಪ್ಪತ್ತೆಂಟು ವರ್ಷ ದಾಟಿದರೂ ಮುಹೂರ್ತ ನೋಡುತ್ತಿರುವ ಮನೆಯವರಂತೆ ನಮ್ಮ ಸರಕಾರಗಳು, ಪಕ್ಷಭೇದವಿಲ್ಲದೆ. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ರಾಜ್ಯಸಭೆ ತಲುಪಿ, ಅಲ್ಲೇ ಕಣ್ಮುಚ್ಚಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಬಿಡಿಸಿ ಹೇಳಿತು: ಇಂಥ ಕಾನೂನಿಲ್ಲದ್ದರಿಂದಲೇ ವಿದೇಶಗಳಿಂದ ಆರೋಪಿಗಳನ್ನು ತರುವುದು ಕಷ್ಟವಾಗುತ್ತಿದೆ, ಅನುಮೋದಿಸಿ. 1995ರಲ್ಲಿ ಪುರುಲಿಯಾದ ಮೇಲೆ ಆಕಾಶದಿಂದ ಬಂದೂಕು ಸುರಿದ ಪ್ರಕರಣದ ಕಿಮ್ ಡೇವಿಯನ್ನು ಡೆನ್ಮಾರ್ಕಿನ ನ್ಯಾಯಾಲಯ 2011ರಲ್ಲಿ ಕೊಡಲಿಲ್ಲ, 2024ರಲ್ಲಿ ಮತ್ತೆ ಕೇಳಿದಾಗಲೂ ಕೊಡಲಿಲ್ಲ. ಎರಡೂ ಸಲ ಕಾರಣ ಚಿತ್ರಹಿಂಸೆಯ ಅಪಾಯ. ಕಳ್ಳರನ್ನು ಹಿಡಿದು ತರುತ್ತೇವೆಂದು ಚುನಾವಣೆಗೆ ಚುನಾವಣೆಗೆ ಗುಡುಗುವ ನಾವು, ಕಳ್ಳರ ವಕೀಲರ ಅತಿ ದೊಡ್ಡ ಅಸ್ತ್ರವನ್ನು ನಾವೇ ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದೇವೆ.

ಇಷ್ಟಾಗಿ, ಆ ವಕೀಲರನ್ನು ಬೈಯಲು ನನಗೆ ಮನಸ್ಸಿಲ್ಲ. ಹಕ್ಕು ಎಂಬುದು ಸಜ್ಜನರಿಗಷ್ಟೇ ಸಿಗುವ ಬಹುಮಾನವಾದರೆ ಅದು ಹಕ್ಕೇ ಅಲ್ಲ. ಮಲ್ಯರಿಗೂ ಬೆಳಕು ಬೇಕು, ಚೋಕ್ಸಿಯವರಿಗೂ ಹಾಸಿಗೆ ಬೇಕು. ಕೊಟ್ಟ ಮಾತು ಉಳಿಸಿಕೊಳ್ಳುವುದೂ ನಮಗೆ ಗೊತ್ತಿದೆ. ಪೋರ್ಚುಗಲ್‌ನಿಂದ 2005ರಲ್ಲಿ ಅಬು ಸಲೇಂನನ್ನು ತರುವಾಗ ಗಲ್ಲಿಲ್ಲ, 25 ವರ್ಷಕ್ಕಿಂತ ಹೆಚ್ಚು ಸೆರೆಯಿಲ್ಲ ಎಂದು ಮಾತು ಕೊಟ್ಟಿದ್ದೆವು. ಆ ಮಾತಿಗೆ ಸರಕಾರ ಬದ್ಧವೆಂದು 2022ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿತು. ಬಾಂಬ್ ಸ್ಫೋಟದ ಅಪರಾಧಿಯ ವಿಷಯದಲ್ಲಿ ವಿದೇಶಕ್ಕೆ ಕೊಟ್ಟ ಮಾತು ಮೀರಲಾಗದು; ಮೊಬೈಲು ಕದ್ದ ಆರೋಪಿಗೆ ಸಂವಿಧಾನದ 21ನೇ ವಿಧಿಯಲ್ಲಿ ಕೊಟ್ಟ ಮಾತು ಮಾತ್ರ ಅನುದಾನ ಬಂದಾಗ ನೋಡೋಣ ಎಂಬಲ್ಲಿಗೆ ನಿಲ್ಲುತ್ತದೆ. ಹಾಗೆ ನೋಡಿದರೆ ಲಂಡನ್ನಿಗೆ ಹೋದ ಪ್ರತಿ ಭರವಸೆ ಪತ್ರವೂ ಒಂದು ತಪ್ಪೊಪ್ಪಿಗೆ. 'ಇವರಿಗೆ ಶುದ್ಧ ನೀರು ಕೊಡುತ್ತೇವೆ' ಎಂದು ಪ್ರತ್ಯೇಕವಾಗಿ ಬರೆದುಕೊಡಬೇಕಾಗಿ ಬಂದದ್ದೇಕೆಂದು ಅಲ್ಲಿನ ನ್ಯಾಯಾಧೀಶರು ಕೇಳುವುದಿಲ್ಲ, ಸಭ್ಯರು. ನಾವು ಕೇಳಬಹುದಿತ್ತು.

ಕೇಳುವುದಿಲ್ಲ, ಕಾರಣವೂ ಸರಳ. ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಜೈಲಿನಲ್ಲಿರುವವನು ಮತ ಹಾಕುವಂತಿಲ್ಲ, ವಿಚಾರಣಾಧೀನನೂ ಹಾಕುವಂತಿಲ್ಲ. ಚುನಾವಣೆಗೆ ನಿಲ್ಲಬಹುದು, ಅದಕ್ಕೆ 2013ರಲ್ಲಿ ಸಂಸತ್ತೇ ತಿದ್ದುಪಡಿ ತಂದು ದಾರಿ ಮಾಡಿಕೊಟ್ಟಿದೆ. ಜೈಲಿನಲ್ಲಿ ಕೂತು ಶಾಸಕನಾಗಲು ಬೇಕಾದ ಹಕ್ಕಿನ ಬಗ್ಗೆ ನಮ್ಮ ಸದನಗಳು ಯೋಚಿಸಿವೆ, ಜೈಲಿನಲ್ಲಿ ಕಾಲು ಚಾಚಿ ಮಲಗುವ ಹಕ್ಕಿನ ಬಗ್ಗೆ ಯೋಚಿಸಲು ಸಮಯ ಸಿಕ್ಕಿಲ್ಲ. ಈ ದೇಶದಲ್ಲಿ ಸರಕಾರದ ಕಿವಿ ತೆರೆಯಲು ಎರಡೇ ಬೀಗದಕೈ: ಒಂದು ಮತ, ಇನ್ನೊಂದು ಲಂಡನ್ನಿನ ವಕೀಲ. ಆ ಲಕ್ಷಾಂತರ ವಿಚಾರಣಾಧೀನರ ಹತ್ತಿರ ಎರಡೂ ಇಲ್ಲ. ಬೀಗದಕೈ ಇರುವವರು ಬರುತ್ತಿಲ್ಲ.